ಓದಲು ಮಾತ್ರ

ಮಾರ್ಚ್ 4, ಬೆಳಿಗ್ಗೆ 6.40

ನೀರಿನ ಕೋಣೆ. ಪಂಪು ಎರಡೂ ಸರಿ. ಕ್ಲೋರಿನ್ 0.03, ಮಿತಿ 0.1. ಡಯಾಲಿಸಿಸ್ ವಾರ್ಡಿಗೆ ನೀರು ಬಿಟ್ಟೆ. ಹನ್ನೆರಡು ಹಾಸಿಗೆ.

ಕಂಟ್ರೋಲ್ ಕಂಪ್ಯೂಟರಿಗೆ ಇವತ್ತು ವರ್ಷದ ತಪಾಸಣೆ. ಅದರಲ್ಲಿ ದಾಖಲೆ ಉಳಿಸುವ ಡ್ರೈವ್, ಅಂದರೆ ಎಸ್‌ಎಸ್‌ಡಿಯ ಉಳಿದ ಆಯಸ್ಸು: ಶೇಕಡಾ 11.

ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. 11. ಹಾಕಿ ಹದಿನಾಲ್ಕು ತಿಂಗಳೂ ಆಗಿಲ್ಲ. ಹತ್ತು ವರ್ಷ ಬಾಳಬೇಕಾದ ಮಾಲು — ಕಾರ್ಖಾನೆಗಳಿಗೆಂದೇ ಮಾಡಿದ್ದು.

ಮಧ್ಯಾಹ್ನ 2

ಕಾರಣ ಸಿಕ್ಕಿತು. ನಾನೇ.

ಹತ್ತು ಸೆಕೆಂಡಿಗೊಮ್ಮೆ ದಾಖಲಾಗುತ್ತಿದ್ದ ನೀರಿನ ಲೆಕ್ಕವನ್ನು ಸೆಕೆಂಡಿಗೊಮ್ಮೆ ಮಾಡಿದವಳು ನಾನು. ಮೀಟಿಂಗಿನಲ್ಲಿ ಗ್ರಾಫ್ ಚೆನ್ನಾಗಿ ಕಾಣಲಿ ಎಂದು. ಇಂಥ ಡ್ರೈವಿನ ಮೇಲೆ ಬರೆಯುವುದಕ್ಕೂ ಒಂದು ಮಿತಿ. ಬರೆದಷ್ಟೂ ಸವೆಯುತ್ತದೆ. ಗೊತ್ತಿತ್ತು. ಯೋಚಿಸಲಿಲ್ಲ.

ಮತ್ತೆ ಹತ್ತಕ್ಕೆ ತಂದಿಟ್ಟೆ. ಈ ವೇಗದಲ್ಲಿ ಶೇಕಡಾ 11 ಎಂದರೆ ಇನ್ನೂ ಒಂದು ವರ್ಷದ ಮೇಲೆ. ಸಮಯವಿದೆ. ಯಾರಿಗೂ ಹೇಳಬೇಕಿಲ್ಲ.

ಮಾರ್ಚ್ 9

ಹೊಸ ಡ್ರೈವಿಗೆ ಅರ್ಜಿ ಹಾಕಿದೆ. ಫಾರಮಿನಲ್ಲಿ ಎರಡು ಚೌಕ: ತುರ್ತು, ಸಾಮಾನ್ಯ. ತುರ್ತು ಎಂದರೆ ಕಾರಣ ಬರೆಯಬೇಕು. ಸಾಮಾನ್ಯಕ್ಕೆ ಟಿಕ್ ಹಾಕಿದೆ. ಮೂರು ವಾರವಂತೆ.

ಊಟಕ್ಕೆ ಕೂತಾಗ ಚಿಕ್ಕಮ್ಮ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ನನ್ನನ್ನು ಸಾಕಿದವಳು, ಅದೇ ವಾರ್ಡಿನ ಹೆಡ್ ನರ್ಸ್. ಮನೆಯಲ್ಲಿ ಚಿಕ್ಕಮ್ಮ, ಆಸ್ಪತ್ರೆಯಲ್ಲಿ ಸಿಸ್ಟರ್. ಏನಾಯಿತೆಂದು ಕೇಳಿದಳು. ಹೊಟ್ಟೆ ಸರಿಯಿಲ್ಲ ಎಂದೆ.

ಮಾರ್ಚ್ 13

ಇನ್ನೂ 11. ಆದರೆ ಕೆಳಗೆ ಇನ್ನೊಂದು ಸಾಲಿದೆ, ಮೊದಲು ಗಮನಿಸಿರಲಿಲ್ಲ. ಹಾಳಾದ ಜಾಗಕ್ಕೆ ಬದಲಿಯಾಗಿ ಡ್ರೈವ್ ಕೂಡಿಟ್ಟಿರುವ ಜಾಗ. 4ನೇ ತಾರೀಕಿನ ವರದಿ ತೆಗೆದು ನೋಡಿದೆ: 31. ಇವತ್ತು 12.

ಕಂಪನಿಯ ಎಂಜಿನಿಯರಿಗೆ ಫೋನ್ ಮಾಡಿದೆ. ಶೇಕಡಾ ಅನ್ನುವುದು ಬರೀ ಅಂದಾಜು, ಎಲ್ಲ ಭಾಗವೂ ಒಂದೇ ಸಮ ಸವೆಯುವುದಿಲ್ಲ, ಸೆಕೆ ಬೇರೆ ಎಂದರು. ಕಂಪ್ಯೂಟರ್ ಇರುವ ನಮ್ಮ ನೀರಿನ ಕೋಣೆ 46 ಡಿಗ್ರಿ.

"ಅದು ಸೊನ್ನೆಗೆ ಬಂದ್ರೆ?"

"ಬರೆಯೋದು ನಿಲ್ಸುತ್ತೆ ಮೇಡಂ. ಆಮೇಲೆ ಓದಲು ಮಾತ್ರ."

ನಾಳೆ ಹೇಳಿಬಿಡುತ್ತೇನೆ.

ಮಾರ್ಚ್ 14

ಹೇಳಲಿಲ್ಲ. ಆಡಳಿತಾಧಿಕಾರಿ ಇಡೀ ದಿನ ಅತಿಥಿಗಳ ಹಿಂದೆ… ನೆಪ ಅಷ್ಟೆ. ಅವರ ಬಾಗಿಲಿನವರೆಗೂ ಹೋಗಿ ತಿರುಗಿ ಬಂದೆ.

ಮಾರ್ಚ್ 17, ಸಂಜೆ

ಬರೆದೇ ತೀರಬೇಕು.

ಬೆಳಿಗ್ಗೆ 0.03. ನೀರು ಬಿಟ್ಟೆ. ಎಂಟೂವರೆಗೆ 0.03. ಒಂಬತ್ತಕ್ಕೂ 0.03. ನಾಲ್ಕನೇ ಹಾಸಿಗೆಯ ಮೇಷ್ಟ್ರಿಗೆ ವಾಕರಿಕೆ, ತಲೆನೋವು ಎಂದು ವಾರ್ಡಿನಿಂದ ಮಾತು ಬಂತು. ಪರದೆ ನೋಡಿದೆ — ಗಡಿಯಾರ ಓಡುತ್ತಿದೆ, ಅಂಕಿ ಅಲ್ಲಾಡುತ್ತಿಲ್ಲ. ಕಡೆಯ ದಾಖಲೆ ಬೆಳಗಿನ ಜಾವ 4.12ರದ್ದು. ಡ್ರೈವ್ ಬರೆಯುವುದನ್ನು ನಿಲ್ಲಿಸಿತ್ತು. ಪರದೆ ಹಳೇ ಅಂಕಿಯನ್ನೇ ಓದಿ ಓದಿ ತೋರಿಸುತ್ತಿತ್ತು. ಅಲಾರಂ ಕೂಡ ಅದೇ ಅಂಕಿಯನ್ನು ನಂಬಿಕೊಂಡು ಕೂತಿತ್ತು.

ಕೈಪರೀಕ್ಷೆಯ ಡಬ್ಬಿ ಕಪಾಟಿನ ಮೂಲೆಯಲ್ಲಿತ್ತು. ನಳಿಕೆಗೆ ನೀರು ಹಿಡಿದು ಪುಡಿ ಹಾಕಿದೆ. ಬಣ್ಣ ಬರಬಾರದು. ಗುಲಾಬಿಯಾಯಿತು. ಕ್ಲೋರಿನ್ ಹೀರಿಕೊಳ್ಳಬೇಕಾದ ಇದ್ದಲಿನ ಟ್ಯಾಂಕು ಸೋತು ಅದು ನೇರ ವಾರ್ಡಿಗೆ ಹೋಗುತ್ತಿದೆ. ರಕ್ತಕಣಗಳು ಒಡೆಯುತ್ತವೆ.

ಓಡಿದೆ. ಎಲ್ಲರೆದುರು ಸಿಸ್ಟರ್ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಚಿಕ್ಕಮ್ಮ, ನಿಲ್ಲಿಸು. ನೀರು ಕೆಟ್ಟಿದೆ."

ಯಾಕೆ, ಏನು, ಒಂದೂ ಕೇಳಲಿಲ್ಲ. ಒಂದನೇ ಹಾಸಿಗೆಯಿಂದ ಅವಳು, ಹನ್ನೆರಡರಿಂದ ಇನ್ನೊಬ್ಬ ನರ್ಸ್. ನೀರು ರಕ್ತದ ಹತ್ತಿರ ಹೋಗದಂತೆ ಒಂದೊಂದೇ ಯಂತ್ರವನ್ನು ಬೈಪಾಸ್‌ಗೆ ಹಾಕುತ್ತ ನಡುವಿಗೆ ಬಂದರು. ನಾನು ನಾಲ್ಕನೆಯದರ ಬಳಿ ನಿಂತಿದ್ದೆ. ಮೇಷ್ಟ್ರ ತುಟಿ ಬಿಳುಚಿತ್ತು. ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಬಿಡಿಸಿಕೊಳ್ಳಲಾಗಲಿಲ್ಲ.

ಮಾರ್ಚ್ 18

ಮೇಷ್ಟ್ರು ಐಸಿಯುನಲ್ಲಿ. ಎರಡನೇ ಬಾಟಲಿ ರಕ್ತ.

ಮಾರ್ಚ್ 24

ಎಲ್ಲರೂ ಬದುಕಿದ್ದಾರೆ. ಇದನ್ನೇ ಮೊದಲು ಬರೆಯಬೇಕು. ಒಂಬತ್ತು ಜನಕ್ಕೆ ಏನೂ ಆಗಿಲ್ಲ, ಇಬ್ಬರಿಗೆ ರಕ್ತದ ಪ್ರಮಾಣ ಸ್ವಲ್ಪ ಇಳಿದಿದೆ. ಮೇಷ್ಟ್ರನ್ನು ವಾರ್ಡಿಗೆ ತಂದರು.

ಇವತ್ತು ವಿಚಾರಣೆ. ಮೊದಲ ಪ್ರಶ್ನೆ ಚಿಕ್ಕಮ್ಮನಿಗೆ: ದಿನಾ ಮಾಡಬೇಕಾದ ಕೈಪರೀಕ್ಷೆ ಯಾಕೆ ನಿಂತಿತು, ಮಾಡದೆ ಹಾಳೆಗೆ ಸಹಿ ಯಾಕೆ ಬಿತ್ತು. ಪರದೆ ಇದೆಯಲ್ಲ, ಇನ್ನೂ ಕೈಯಲ್ಲಿ ಯಾಕೆ ಕಷ್ಟಪಡುತ್ತೀರಿ ಎಂದು ಹೋದ ವರ್ಷ ಹೇಳಿದವಳು ನಾನು. ಎದ್ದು ನಿಂತು ಹೇಳಿದೆ. ಗ್ರಾಫಿನ ವಿಷಯ, ಸಾಮಾನ್ಯ ಎಂದು ಟಿಕ್ ಹಾಕಿದ್ದು, ಬಾಗಿಲಿನಿಂದ ವಾಪಸ್ಸು ಬಂದದ್ದು, ಎಲ್ಲವನ್ನೂ. ಬರೆದುಕೊಡಿ ಎಂದರು.

ಮನೆಯಲ್ಲಿ ಬರೆಯುತ್ತಿದ್ದೆ. ಸಹಿಯ ತಪ್ಪೂ ನನ್ನದೇ ಎಂದು ಸೇರಿಸಿದ್ದೆ. ಚಿಕ್ಕಮ್ಮ ಓದಿ ಆ ಸಾಲು ಹೊಡೆದು ಹಾಕಿದಳು.

"ಸಹಿ ನಂದು. ಅದನ್ನೂ ನೀನೇ ಹೊತ್ಕೋಬೇಡ. ನಿನ್ನದೆಷ್ಟೋ ಅಷ್ಟು ಬರಿ."

ಮಾರ್ಚ್ 31

ತೀರ್ಪು. ಇಬ್ಬರಿಗೂ ಎಚ್ಚರಿಕೆ ಪತ್ರ, ನನಗೆ ಬಡ್ತಿ ಎರಡು ವರ್ಷ ಮುಂದಕ್ಕೆ. ಕೆಲಸ ಉಳಿಯಿತು. ಹೊಸ ಡ್ರೈವ್ ಬಂತು, ಕಂಪ್ಯೂಟರನ್ನು ತಂಪಾದ ಕೋಣೆಗೆ ಸಾಗಿಸಿದೆವು. ದಾಖಲೆ ನಿಂತರೆ ಅಂಕಿಯ ಬದಲು ಕೆಂಪು ಪರದೆ.

ಏಪ್ರಿಲ್ 6, ಬೆಳಿಗ್ಗೆ 9.15

ಮೇಷ್ಟ್ರು ಅದೇ ಹಾಸಿಗೆಗೆ ಬಂದರು. ಸೂಜಿ ಹಾಕುವ ಮೊದಲು ಹತ್ತಿರ ಹೋಗಿ ಕೂತೆ. ಅವತ್ತಿನ ತಪ್ಪು ಯಂತ್ರದ್ದಲ್ಲ ಸರ್, ನನ್ನದು ಎಂದೆ. ನಾಲ್ಕು ದಿನ ಮೊದಲೇ ಗೊತ್ತಿತ್ತು, ಹೇಳಲಿಲ್ಲ ಎಂದೂ ಹೇಳಿದೆ.

"ನಂಗೆ ಸಿಟ್ಟಿದೆ," ಎಂದರು. "ಇನ್ನೂ ಕೆಲವು ದಿನ ಇರುತ್ತೆ."

ಹೂಂ ಎಂದೆ. ಎದ್ದು ಹೊರಟೆ. ಹಿಂದಿನಿಂದ ಕರೆದರು. ತಿರುಗಿದರೆ, ಷರಟಿನ ತೋಳು ಮಡಚಿ ಕೈ ಚಾಚಿದ್ದರು, ಸಿಸ್ಟರ್ ಕಡೆಗಲ್ಲ, ನನ್ನ ಕಡೆಗೆ. ಸೂಜಿ ಹಾಕಿ ಮುಗಿಯುವವರೆಗೂ ಆ ಕೈ ಹಿಡಿದು ಕೂತೆ.