ಪೆಟ್ಟಿಗೆಯಲ್ಲಿ ಕಟ್ಟಿಟ್ಟ ದನಿ

ನಂಗಾ ಸೆಲಿರಾ ಉದ್ದಮನೆ,
ಆಗಸ್ಟ್ ೧೪, ೨೦೨೩

ಪ್ರೀತಿಯ ಲುನ್ಸಾ,

ಹೇಗಿದ್ದೀಯ ಮಗಳೇ? ಕುಚಿಂಗ್‌ನ ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ಅನ್ನ ಹಾಕುತ್ತಾರೋ, ಇನ್ನೂ ಆ ಪೊಟ್ಟಣದ ನೂಡಲ್ಸನ್ನೇ ಬಿಸಿನೀರಿನಲ್ಲಿ ನೆನೆಸಿ ತಿನ್ನುತ್ತಿದ್ದೀಯೋ? ಕೆಮ್ಮು ಹೋಯಿತೇ? ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಅಜ್ಜಿಯ ಮಂಡಿ ಮಳೆಗೆ ಮುಂಚೆಯೇ ಸುದ್ದಿ ಹೇಳುತ್ತದೆ, ಬಾಯಿ ಮಾತ್ರ ಎಲ್ಲ ಕಾಲಕ್ಕೂ ಗಟ್ಟಿಯಾಗಿದೆ. ಕಾಗದದ ಜೊತೆ ದೋಣಿಯವನ ಕೈಯಲ್ಲಿ ಹೊಗೆಯಲ್ಲಿ ಒಣಗಿಸಿದ ಮೀನು ಕಳಿಸಿದ್ದೇನೆ. ಪಕ್ಕದ ಕೋಣೆಯವರಿಗೂ ಕೊಡು, ಇಲ್ಲದಿದ್ದರೆ ವಾಸನೆಗೆ ದೂರು ಕೊಟ್ಟಾರು. ಅಜ್ಜ ಕಾಗದ ಬರೆದಿದ್ದಾನಲ್ಲ, ಫೋನಿಗೆ ಏನಾಯಿತು ಎಂದು ನೀನು ಆಗಲೇ ಹುಬ್ಬೇರಿಸಿರುತ್ತೀಯ. ಫೋನು ಪೆಟ್ಟಿಗೆಯಲ್ಲಿದೆ. ಅದನ್ನು ಹೇಳಲೆಂದೇ ಕೂತಿದ್ದೇನೆ.

ನಮ್ಮ ಸಾಲಿನ ಏಳನೇ ಬಾಗಿಲಿನ ಮುದುಕಿ ತೀರಿಕೊಂಡದ್ದು ನಿನಗೆ ಗೊತ್ತು. ಹೆಸರು ಬರೆಯುವುದಿಲ್ಲ, ಸೂತಕ ಇನ್ನೂ ಕಳೆದಿಲ್ಲ. ಆಗ ಹೊಳೆ ಬತ್ತಿ ದೋಣಿ ಮೇಲೆ ಬರುತ್ತಿರಲಿಲ್ಲ, ನಿನಗೆ ಪರೀಕ್ಷೆ ಬೇರೆ. ನೀನು ಬರಲಿಲ್ಲವೆಂದು ಇಲ್ಲಿ ಯಾರೂ ಆಡಿಕೊಂಡಿಲ್ಲ. ಮಣ್ಣು ಮಾಡಿ ಬಂದ ದಿನವೇ ನಾನು ಈ ಉದ್ದಮನೆಯ ಯಜಮಾನನಾಗಿ ಕಟ್ಟಳೆ ಹೇಳಿದೆ. ಸೂತಕದ ಪೆಟ್ಟಿಗೆಯ ದಾರ ಕತ್ತರಿಸಿ ಸೂತಕ ಕಳೆಯುವವರೆಗೆ ಜಾಗಟೆ ಇಲ್ಲ, ರೇಡಿಯೋ ಇಲ್ಲ, ಜಗಲಿಯಲ್ಲಿ ಗಟ್ಟಿಯಾದ ನಗು ಇಲ್ಲ. ಒಂದು ಕ್ಷಣ ಯೋಚಿಸಿ, ವಾಟ್ಸಾಪಿನ ಗ್ರೂಪೂ ಇಲ್ಲ ಎಂದೆ. ಜಗಲಿಯಲ್ಲಿ ಆಡುವ ಮಾತನ್ನೇ ಅಲ್ಲಿ ಆಡುತ್ತಾರೆ, ಅದೇ ಜನ, ಅದೇ ಹರಟೆ. ಜಗಲಿಗೆ ಇರುವ ಕಟ್ಟಳೆ ಅದಕ್ಕೆ ಯಾಕಿರಬಾರದು? ನೀನು ಮರುಮಾತಾಡದೆ ಅಲ್ಲಿಂದಲೇ ಅದಕ್ಕೆ ಬೀಗ ಹಾಕಿದೆ. ಮರುದಿನವೇ ಶಾಲೆಯ ಮೇಷ್ಟ್ರು ಓಡಿಬಂದು, ಹೊಳೆಯಲ್ಲಿ ನೀರಿಲ್ಲ, ಮಕ್ಕಳು ಮನೆಯಲ್ಲೇ ಇದ್ದಾರೆ, ಲೆಕ್ಕಗಳನ್ನು ಇನ್ನು ಹೇಗೆ ಕಳಿಸಲಿ ಎಂದರು. ಲೆಕ್ಕಕ್ಕೆ ಸೂತಕವಿಲ್ಲ, ಕಳಿಸಿ ಎಂದೆ. ಹಾಗಾಗಿ ಈ ಮನೆಯಲ್ಲಿ ಸದ್ಯ ಬಾಯಿ ಬಿಡಲು ಅಪ್ಪಣೆ ಇರುವುದು ಗುಣಾಕಾರಕ್ಕೆ ಮಾತ್ರ.

ನೀನು ಗ್ರೂಪು ಶುರುಮಾಡಿದಾಗ ನಾನು ಎಷ್ಟು ಹಂಗಿಸಿದ್ದೆ, ನೆನಪಿದೆಯೇ? ಇಪ್ಪತ್ತು ಸಂಸಾರಗಳ ಬಾಗಿಲು ಒಂದೇ ಸಾಲಿಗೆ ಇರುವ ಮನೆ, ಕೂಗಿದರೆ ಕೇಳುತ್ತದೆ, ಅದಕ್ಕೆ ಆಕಾಶದ ಮೇಲಿನ ತಂತಿ ಯಾಕೆ ಎಂದಿದ್ದೆ. ಒಂದು ವರ್ಷ ಸೇರಲೇ ಇಲ್ಲ. ಸೇರಿದ ಮೇಲೂ ಮೊದಮೊದಲು ನೋಡಿದ್ದು ಬೆಳಿಗ್ಗೆ ಗುಲಾಬಿ ಹೂವು, ರಾತ್ರಿ ಚಂದ್ರ, ನಡುವೆ ಯಾರದೋ ಕಳೆದುಹೋದ ನಾಯಿ. ಆದರೆ ಮರ ಕಡಿಯುವ ಕ್ಯಾಂಪಿನಲ್ಲಿ ಮುದುಕಿಯ ಮಗ ಬಂತಾನ ಕಾಲಿನ ಮೇಲೆ ದಿಮ್ಮಿ ಉರುಳಿದಾಗ, ಸಿಬುವಿನ ಆಸ್ಪತ್ರೆಯವರು ರಕ್ತ ಬೇಕು ಎಂದ ಅರ್ಧ ದಿನದಲ್ಲಿ ನಮ್ಮ ಮನೆಯಿಂದ ಚದುರಿಹೋದವರೆಲ್ಲ ಅಂಗಿಯ ತೋಳು ಮಡಚಿಕೊಂಡು ಅಲ್ಲಿ ಸಾಲುನಿಂತಿದ್ದರು. ನೀನು ಗ್ರೂಪಿನಲ್ಲಿ ಹಾಕಿದ ಎರಡು ಸಾಲು ಓದಿ ಬಂದವರು. ಅಂದಿನಿಂದ ನಾನು ಹಂಗಿಸುವುದನ್ನು ಬಿಟ್ಟೆ. ಬಂತಾ ಮಾತ್ರ ಬದುಕಿ ಬಂದ ಮೇಲೂ ಗ್ರೂಪಿಗೆ ಸೇರಲಿಲ್ಲ. "ಅದ್ರಲ್ಲಿ ಇರೋದೆಲ್ಲ ನಮ್ಮವ್ವನ ಬೈಗುಳ. ಅದು ನಂಗೆ ಮನೇಲೇ ಪುಕ್ಕಟೆ ಸಿಗ್ತದಲ್ಲ" ಎನ್ನುತ್ತಿದ್ದ.

ಅವನು ಹೇಳಿದ್ದು ಸುಳ್ಳಲ್ಲ. ಅಕ್ಷರ ಬಾರದ ಮುದುಕಿ ಅದರಲ್ಲಿ ಗುರುವಾಗಿದ್ದಳು. ಬಿಂಟುಲುವಿನಲ್ಲಿ, ಜೊಹೊರ್‌ನ ಕಾರ್ಖಾನೆಗಳಲ್ಲಿ ಇರುವ ನಮ್ಮ ಹುಡುಗಿಯರು ತಮ್ಮ ಬಾಡಿಗೆ ಕೋಣೆಗಳಲ್ಲಿ ಮಗ್ಗ ಹೂಡಿ, ಚಿತ್ರ ಮೂಡಲು ಗಂಟು ಕಟ್ಟಿದ ನೂಲಿನ ಫೋಟೋ ಹಾಕುತ್ತಿದ್ದರು. ಮುದುಕಿ ಅದನ್ನು ಕಣ್ಣಿಗೆ ಅಂಟಿಸಿಕೊಂಡು ನೋಡಿ, ದನಿ ಕಳಿಸುವ ಗುಂಡಿ ಒತ್ತಿ, ಹೊಳೆಯ ಆಚೆ ದಡದವರಿಗೆ ಕೇಳಬೇಕು ಎನ್ನುವ ಹಾಗೆ ಕೂಗುತ್ತಿದ್ದಳು. "ಏ ಕತ್ತೆ, ಅದು ಮೊಸಳೆ ಬಾಲಾನೋ ನಿಮ್ಮಪ್ಪನ ಮೀಸೇನೋ? ಬಿಚ್ಚು, ಮೊದಲಿಂದ ಕಟ್ಟು!" ಬೈಗುಳದ ಹಿಂದೆಯೇ ಪಾಠ ಬರುತ್ತಿತ್ತು. ಬಣ್ಣಕ್ಕೆ ಯಾವ ಬೇರು, ಎಷ್ಟು ಶುಂಠಿ, ಉಪ್ಪು ಯಾವಾಗ, ನೂಲಿಗೆ ಇಬ್ಬನಿ ಬೀಳಲು ಎಷ್ಟು ಹೊತ್ತು ಬಿಡಬೇಕು. ಹಿಂದೆಲ್ಲ ಇದನ್ನು ಒಬ್ಬಳು ತನ್ನ ಮಗಳಿಗಷ್ಟೇ ಕೊಡುತ್ತಿದ್ದಳು. ಮುದುಕಿಗೆ ಹೆಣ್ಣು ಮಕ್ಕಳಿಲ್ಲ, ಬಂತಾ ಒಬ್ಬನೇ. ನಿನ್ನ ಗ್ರೂಪು ಬರದಿದ್ದರೆ ಆ ವಿದ್ಯೆ ಅವಳ ಜೊತೆ ಮಣ್ಣಿಗೆ ಹೋಗುತ್ತಿತ್ತು. ಇದನ್ನು ನಾನು ನಿನಗೆ ಮುಂಚೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಇನ್ನು ನಡೆದದ್ದು. ಎಂಟನೇ ಬಾಗಿಲಿನ ಸೆಂಡಿ, ಮುದುಕಿ ಸಾಯುವ ಮೊದಲೇ ನೂಲನ್ನು ಬಣ್ಣ ಹಿಡಿಸುವ ರಸದ ತೊಟ್ಟಿಯಲ್ಲಿ ನೆನೆಹಾಕಿದ್ದಳು. ಅದನ್ನು ಯಾವಾಗ ತೆಗೆಯಬೇಕೆಂದು ಮುದುಕಿ ನಾಲಗೆಗೆ ರಸ ಮುಟ್ಟಿಸಿ ಹೇಳುತ್ತಿದ್ದವಳು. ಈಗ ಆ ನಾಲಗೆ ಇಲ್ಲ. ತಡವಾದರೆ ನೂಲು ಕೊಳೆಯುತ್ತದೆ, ಬೇಗ ತೆಗೆದರೆ ಕೆಂಪು ಹಿಡಿಯುವುದಿಲ್ಲ. ಸೆಂಡಿ ಕಂಬಳಿ ಹೊದ್ದುಕೊಂಡು, ದನಿ ಆದಷ್ಟು ತಗ್ಗಿಸಿ, ತನ್ನ ಫೋನಿನಲ್ಲಿದ್ದ ಮುದುಕಿಯ ಹಳೆಯ ಪಾಠ ಹಚ್ಚಿ ಕೇಳಿದಳು. ಆದರೆ ಮುದುಕಿಯ ದನಿಯನ್ನು ತಗ್ಗಿಸುವ ಯಂತ್ರ ಇನ್ನೂ ಬಂದಿಲ್ಲ. ನಡುವೆ ಇರುವುದು ಒಂದು ಹಲಗೆ ಗೋಡೆ. "ನಾಲಗೆಗೆ ಇಟ್ಟು ನೋಡು, ಸುಮ್ನೆ ಬೆಪ್ಪಾಗಿ ನಿಂತ್ಕೋಬೇಡ" ಎಂದು ಅವ್ವ ಕೂಗಿದ್ದು ಬಂತಾನಿಗೆ ಕೇಳಿಸಿತು. ಊಟಕ್ಕೆ ಕೂತಿದ್ದವನು ಕುಂಟುಕಾಲಿನಲ್ಲೇ ಜಗಲಿಗೆ ಓಡಿಬಂದ. ಕೈಯಲ್ಲಿ ಅನ್ನವಿತ್ತು. ಅಷ್ಟು ದೊಡ್ಡ ಗಂಡಸು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಅಂದು ಸಂಜೆಯೇ ಎಲ್ಲರೂ ಜಗಲಿಯಲ್ಲಿ ಕೂತೆವು. ಬಂತಾ ಹೇಳಿದ: "ನಮ್ಮವ್ವ ಆ ಲೋಕದ ದಾರೀಲವ್ಳೆ. ಇಲ್ಲಿಂದ ಅವಳ ದನಿ ಎಬ್ಬಿಸಿದ್ರೆ ತಿರುಗಿ ನೋಡಲ್ವಾ? ಅರ್ಧ ದಾರೀಲಿ ನಿಂತೋದ್ರೆ ಯಾರು ಹೊಣೆ?" ಸೆಂಡಿ, "ಕೆಲಸ ಸೂತಕದಲ್ಲಿ ಶುರು ಮಾಡಿದ್ದಲ್ಲ ಅಣ್ಣ, ತೊಟ್ಟಿ ಆಗ್ಲೇ ಹೂಡಿತ್ತು. ನೂಲು ಹಾಳಾಗಿದ್ರೆ ಅವರೇ ಎದ್ದು ಬಂದು ಬೈತಿದ್ರು" ಎಂದಳು. ಇಬ್ಬರು ನಕ್ಕು, ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಆ ತುದಿಯ ಬಾಗಿಲಿನವನೊಬ್ಬ, ಸತ್ತವರ ಜಾಡಿ ಒಡೆದು ಗೋರಿಯ ಮೇಲಿಡುವ ಹಾಗೆ ದನಿಯನ್ನೂ ಅಳಿಸಿಬಿಡಬೇಕು ಎಂದ. ಅದಕ್ಕೆ ಸೆಂಡಿ, "ಜಾಡಿ ಹೋದ್ರೆ ಪೇಟೇಲಿ ಇನ್ನೊಂದು ಸಿಗ್ತದೆ. ಇದು ಎಲ್ಲಿ ಸಿಗ್ತದೆ?" ಎಂದಳು. ಸೆಂಡಿಯ ಗಂಡ ಗ್ರೂಪಿನಿಂದ ಬಂತಾನಿಗೆ ರಕ್ತ ಸಿಕ್ಕಿದ ಮಾತು ಎತ್ತಲು ಬಾಯಿ ತೆರೆದ. ನಾನು ಕಣ್ಣಿನಲ್ಲೇ ತಡೆದೆ. ಅಳುತ್ತಿರುವವನಿಗೆ ಉಪಕಾರ ನೆನಪಿಸಬಾರದು.

ದಾರಿ ತೋರಿದ್ದು ನಿನ್ನ ಅಜ್ಜಿ. ಅಡಿಕೆ ಕತ್ತರಿಸುತ್ತಿದ್ದವಳು ತಲೆ ಎತ್ತದೆ, "ಅವಳ ಬಟ್ಟೆ, ಬಳೆ ಎಲ್ಲ ಸೂತಕದ ಪೆಟ್ಟಿಗೇಲಿ ಕಟ್ಟಿಟ್ಟಿದ್ದೀರಲ್ಲ, ದನೀನೂ ಕಟ್ಟಿಡಿ. ದಾರ ಕತ್ತರಿಸೋ ದಿನ ಬಟ್ಟೆ ಜೊತೆ ತೆಗೆದ್ರಾಯ್ತು" ಎಂದಳು. ಇಷ್ಟು ಸರಳವಾದದ್ದು ನನಗೆ ಯಾಕೆ ಹೊಳೆಯಲಿಲ್ಲ ಎಂದು ಇವತ್ತಿಗೂ ಕೇಳುತ್ತಿದ್ದಾಳೆ. ಬಂತಾ ಒಪ್ಪಿದ. ಒಂದು ಮಾತು ಮಾತ್ರ ಹಿಡಿದ: ದನಿ ಪೆಟ್ಟಿಗೆಯ ಒಳಗೆ ಮಾತ್ರ ಇರಬೇಕು, ಹೊರಗೆ ಎಲ್ಲಿಯೂ ಇರಬಾರದು. ಅದೂ ನ್ಯಾಯವೇ. ಯಾರ ಫೋನು ಎಂದಾಗ ಎಲ್ಲರೂ ಮಾಡಿನ ತೊಲೆ ನೋಡತೊಡಗಿದರು. ಕಡೆಗೆ ಯಜಮಾನನ ಫೋನೇ ಹೋಯಿತು. ಮುದುಕಿಯೇ ನೇಯ್ದ ಬಟ್ಟೆಯಲ್ಲಿ ಸುತ್ತಿ, ದಾರ ಬಿಗಿದು, ಪೆಟ್ಟಿಗೆಯಲ್ಲಿಟ್ಟೆವು. ಮನೆಯಲ್ಲಿದ್ದವರು ನನ್ನ ಕಣ್ಣೆದುರೇ ಅಳಿಸಿದರು, ದೂರದವರು ಅಳಿಸಿ ಮೇಷ್ಟ್ರ ಫೋನಿಗೆ ತಿಳಿಸಿದರು. ಕಟ್ಟಳೆ ಮುರಿದದ್ದಕ್ಕೆ ಸೆಂಡಿ ಒಂದು ಹುಂಜ, ಒಂದು ಕತ್ತಿ ದಂಡ ಕೊಟ್ಟಳು. ಕೊಡುವಾಗ ಮುಖ ಊದಿಸಿಕೊಂಡಿದ್ದಳು, ಆದರೆ ನೂಲು ಚೆನ್ನಾಗಿ ಬಂದಿದೆ ಎಂದು ನಿನ್ನ ಅಜ್ಜಿ ಹೇಳುತ್ತಾಳೆ.

ಈಗ ಉಳಿದಿರುವವಳು ನೀನು, ನಿನಗೆ ನಾನೇ ಹೇಳಬೇಕೆಂದು ಕಾಗದ ಹಿಡಿದೆ. ಮುದುಕಿ ಕಳಿಸಿದ್ದನ್ನೆಲ್ಲ ಪಾಠದ ಪ್ರಕಾರ ಜೋಡಿಸಿ ಕಂಪ್ಯೂಟರಿನಲ್ಲಿ ಇಟ್ಟಿದ್ದೀಯೆಂದು, ಓದು ಮುಗಿಸಿ ಟೀಚರಾದ ಮೇಲೆ ಅದನ್ನು ಶಾಲೆಯ ಮಕ್ಕಳಿಗೆ ಕೇಳಿಸುತ್ತೀಯೆಂದು ನನಗೆ ಗೊತ್ತು. ಆದರೂ ಜಗಲಿಯ ತೀರ್ಮಾನ ಜೊಹೊರ್‌ನಲ್ಲಿರುವವರಿಗೆ ಹೇಗೋ ನಿನಗೂ ಹಾಗೆಯೇ. ಯಜಮಾನನ ಮೊಮ್ಮಗಳೆಂದು ಬಿಟ್ಟರೆ ನಾಳೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. ಕಾಗದ ತಲುಪಿದ ಮೇಲೆ ನಿನ್ನ ಫೋನಿನಿಂದ, ಕಂಪ್ಯೂಟರಿನಿಂದ ಎಲ್ಲವನ್ನೂ ಅಳಿಸಿ, ಅಳಿಸಿದೆ ಎಂದು ಮೇಷ್ಟ್ರ ಫೋನಿಗೆ ತಿಳಿಸು. ನಿನಗೆ ನೋವಾಗುತ್ತದೆ. ನನಗೂ ಆಗಿದೆ.

ಅಜ್ಜಿ ನಿನ್ನ ಕ್ಷೇಮ ಕೇಳಿದಳೆಂದು ತಿಳಿ. ಮೈ ತಣ್ಣಗಿರಲಿ, ನಿದ್ದೆ ಕೆಡದಿರಲಿ, ಕಾಲಿಟ್ಟ ದೋಣಿ ದಡ ಸೇರಲಿ.

ನಿನ್ನ ಅಜ್ಜ,
ಉಂಗಾಂಗ್,
ಯಜಮಾನ, ನಂಗಾ ಸೆಲಿರಾ ಉದ್ದಮನೆ

ಮತ್ತೊಂದು ಮಾತು: ದೋಣಿಯವನು ಕೆಳಗೆ ನಿಂತು ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಸಹಿಯ ಮೇಲಿರುವುದು ಯಜಮಾನನ ಮಾತು, ಕೆಳಗಿರುವುದು ಬರೀ ಅಜ್ಜನ ಮಾತು. ಸದ್ಯಕ್ಕೆ ಏನನ್ನೂ ಅಳಿಸಬೇಡ. ಈಗಷ್ಟೇ ಬಂತಾ ಒಬ್ಬನೇ ಬಂದಿದ್ದ. ಕಾಲು ಉಜ್ಜಿಕೊಳ್ಳುತ್ತಾ ಕೂತು, ಪೆಟ್ಟಿಗೆಯಲ್ಲಿ ಇರುವುದರಲ್ಲಿ ಅವ್ವ ತನ್ನ ಹೆಸರು ಹಿಡಿದದ್ದು ಎಲ್ಲಾದರೂ ಇದೆಯೇ ಎಂದು ಕೇಳಿದ. ನಾನು ಕೇಳಿದ ಮಟ್ಟಿಗೆ ಎಲ್ಲ ನೂಲು, ಶುಂಠಿ, ಉಪ್ಪು. ಆದರೆ ನಾನು ಸೇರುವುದಕ್ಕೆ ಮುಂಚಿನ ಒಂದು ವರ್ಷದ್ದು ನನ್ನ ಫೋನಿನಲ್ಲಿಲ್ಲ, ಉಳಿದವರೆಲ್ಲ ಅಳಿಸಿದ ಮೇಲೆ ಅದು ಇರುವುದು ನಿನ್ನ ಹತ್ತಿರ ಮಾತ್ರ. ಹಾಗೆಂದೆ. ಅಳಿಸಬಾರದೆಂದು ಬರೆಯಿರಿ ಎಂದವನು ಅವನೇ. ಒಂದೊಂದನ್ನೂ ಕೊನೆಯವರೆಗೆ ಕೇಳು ಮಗಳೇ. ಅವಳು ಗುಂಡಿ ಬಿಡಲು ಮರೆತು ಆಚೆ ಈಚೆ ಮಾತಾಡುತ್ತಿದ್ದವಳು, ಊಟಕ್ಕೆ ಅವನನ್ನು ಕರೆದದ್ದು ಎಲ್ಲಾದರೂ ಸಿಕ್ಕೀತು. ಒಳ್ಳೆಯ ಮಾತೇ ಆಗಬೇಕೆಂದಿಲ್ಲ, ಬೈದಿದ್ದರೂ ಸಾಕಂತೆ.