ಸೆರಗಿನೊಳಗಿನ ಡಬ್ಬಿ

ಹುಮನಾಬಾದ

ಚಿ. ಸಂಜೀವಕುಮಾರನಿಗೆ ಸೋದರತ್ತೆಯ ಆಶೀರ್ವಾದ.

ಬಸವಕಲ್ಯಾಣದಲ್ಲಿ ನೀನು, ಪೂನಂ ಆರಾಮ ಇದ್ದೀರಾ? ಅಣ್ಣ ಮಹಾರುದ್ರಪ್ಪನ ಮೊಣಕಾಲು ನೋವು ಇಳಿಯಿತೇ?

ಇಲ್ಲಿಯ ನಿಮ್ಮ ಮನೆಬಾಗಿಲ ಕ್ಯಾಮೆರಾದಲ್ಲಿ, ಕೆಲಸದ ಸುಗಂಧಾ ಸೆರಗಿನೊಳಗೆ ಏನೋ ಮುಚ್ಚಿಕೊಂಡು ಹೋಗುವ ಫೋಟೊ ನಿನ್ನ ಮೊಬೈಲಿಗೆ ಬಂತು. ಇಲ್ಲಿಟ್ಟು ಹೋಗಿದ್ದ ಪೂನಂಳ ಸರ ಅಂದೇ ಕಾಣೆಯಾದದ್ದಕ್ಕೆ, ಇವಳೇ ಒಯ್ದಳೆಂದು ನೀನು ಆ ಫೋಟೊ ಓಣಿಯವರ ಗ್ರೂಪಿಗೆ ಹಾಕಿದೆ. ಅದು ಹುಗ್ಗಿಯ ಡಬ್ಬಿ, ತಮ್ಮಾ. ನಾನೇ ಕೊಟ್ಟದ್ದು. ದೃಷ್ಟಿ ತಾಗೀತೆಂದು, "ಸೆರಗ ಮುಚ್ಚಕೊಂಡು ಹೋಗವ್ವಾ" ಅಂದವಳೂ ನಾನೇ. ಅವಳು ಹೋದಮೇಲೆ ನೆಟ್ ಹೋಗಿ ಸಂಜೆಯವರೆಗೆ ಕ್ಯಾಮೆರಾ ಬಂದ್ ಬಿದ್ದಿತ್ತು. ಆ ನಡುವೆ ಯಾರು ಬಂದರೋ ಅದಕ್ಕೂ ಗೊತ್ತಿಲ್ಲ.

ಓಣಿಯಲ್ಲಿ ಎಲ್ಲರಿಗೂ ನಾನು ಇದನ್ನು ಹೇಳಿದೆ. "ಆಯಿ, ನಿಮಗ ಮರವು ಅದ, ಕ್ಯಾಮೆರಾಕ್ಕ ಮರವು ಇರಂಗಿಲ್ರಿ" ಎಂದು ನಗುತ್ತಾರೆ. ಸುಗಂಧಾಳನ್ನು ಈಗ ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ. ನಿನ್ನೆ ಅವಳ ಮನೆಗೆ ಹೋದರೆ, "ನೀವು ಬರಬ್ಯಾಡ್ರಿ ಆಯಿ, ಇಲ್ಲೂ ಯಾರರೆ ಫೋಟೊ ತಗದಾರು" ಎಂದು ಬಾಗಿಲಲ್ಲೇ ಕಳಿಸಿದಳು.

ಅಂದು ಸಂಜೆಯವರೆಗೆ ಕ್ಯಾಮೆರಾ ಬಂದ್ ಇತ್ತೆಂದು ಅದೇ ಗ್ರೂಪಿನಲ್ಲಿ ಒಂದು ಮಾತು ಹಾಕು. ನನ್ನ ಮಾತು ಇಲ್ಲಿ ನಡೆಯುತ್ತಿಲ್ಲ. ಫೋನಿನಲ್ಲಿ ನೀನು ಪೂರ್ತಿ ಕೇಳುವುದಿಲ್ಲ, ಅದಕ್ಕೇ ಬರೆದೆ. ಹಾಕುವುದಿಲ್ಲ ಎಂದಾದರೂ ಸರಿ, ಲಗೂನೆ ಉತ್ತರ ಬರೆ.

ನಿನ್ನ ಅತ್ತೆ
ಕಸ್ತೂರಿಬಾಯಿ