ಕೆಂಪು ಮೂಲೆಯ ಎರಡನೇ ಕುರ್ಚಿ

ಚಿಕ್ಕೋಡಿ,
ಭಾನುವಾರ, 23 ನವೆಂಬರ್ 2025

ಹಠಮಾರಿ ಸರಿತಾಳಿಗೆ ಭಾವು ಕಾಕಾನ ಆಶೀರ್ವಾದ.

ವೃಷಭ ಸರ್ ಹೋದರು. ನಿನ್ನೆ ಬೆಳಿಗ್ಗೆ ಎಂಟರ ಸುಮಾರಿಗೆ. ಯಾರಿಗೂ ಒಂದು ಮಾತು ಹೇಳಲಿಲ್ಲ. ನಾನು ಚಪ್ಪಲಿ ಬಿಟ್ಟು ಓಡಿದೆ, ಆದರೆ ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಂದರೆ, ರಾಯಬಾಗದ ಬಸ್ಸು ಬಿಟ್ಟಿತ್ತು. ರಾಯಬಾಗಕ್ಕೆ ಹೋದರು ಮಾರಾಯ್ತಿ. ಹೊತ್ತು ಮುಳುಗುವ ಮುಂಚೆ, ಹೆಗಲ ಮೇಲೆ ಹೊಸ ಹಗ್ಗದ ಸುರುಳಿ ಹೊತ್ತುಕೊಂಡು ಗಟ್ಟಿಮುಟ್ಟಾಗಿ ವಾಪಸ್ ಬಂದರು.

ಬೈಯಿ, ಎಷ್ಟು ಬೈತೀಯೋ ಬೈಯಿ. ಆದರೆ ಮೊದಲನೇ ಸಾಲು ಓದಿದಾಗ ಎದೆ ಧಸಕ್ ಎಂದಿತೋ ಇಲ್ಲವೋ, ಅಷ್ಟು ಹೇಳು. ಎಂದಿದ್ದರೆ ಮುಂದೆ ಓದು. ಇಲ್ಲದಿದ್ದರೆ ಈ ಕಾಗದದಲ್ಲಿ ಚುರಮರಿ ಕಟ್ಟಿಕೊಂಡು ತಿನ್ನು.

ನೀನು ನನ್ನನ್ನೂ ಸರ್ ಅವರನ್ನೂ ಫೋನಿನಲ್ಲಿ ಬ್ಲಾಕ್ ಮಾಡಿ ಅಕ್ಕೋಳದಲ್ಲಿ ಕುಳಿತಿದ್ದೀಯ. ಕಾಗದಕ್ಕೆ ಬ್ಲಾಕ್ ಇಲ್ಲ. ಕಂಡಕ್ಟರನ ಮನೆಗೆ ಹೋಗಲು ಅದಕ್ಕೆ ಟಿಕೆಟ್ಟೂ ಬೇಕಿಲ್ಲ. ನಾಳೆ ನಿಪ್ಪಾಣಿ ಬಸ್ಸಿನಲ್ಲಿ ನಿಮ್ಮಪ್ಪ ಜ್ಞಾನದೇವನ ಕೈಗೆ ಕೊಡುತ್ತೇನೆ. ನಿನ್ನೆ ಸ್ಟ್ಯಾಂಡಿನಲ್ಲಿ ಕೇಳಿದ್ದಕ್ಕೆ, "ಕಾಕಾ, ಇದರಾಗ ಏನ್ ಕಿತಾಪತಿ ಐತಿ ಮೊದಲ ಹೇಳು" ಎಂದ. "ಏನೂ ಇಲ್ಲೋ" ಎಂದೆ. "ನೀ ಇಲ್ಲಾ ಅಂದ್ರ ಐತಿ ಅಂತನ ಲೆಕ್ಕಾ" ಎಂದು ಹೇಳಿ ರೈಟ್ ಹೊಡೆದ. ನನ್ನ ಮರ್ಯಾದೆ ಐದೂ ತಾಲೂಕಿನಲ್ಲಿ ಹೀಗೇ ಇದೆ.

ಈಗ ತೂಕದ ಮಾತು. ಬುಧವಾರ ಕಾಲೇಜಿನ ಕಮಿಟಿ ಕೂಡುತ್ತದೆ. "ಅಥಣಿ ಕುಸ್ತಿಯಲ್ಲಿ ಸರ್ ತಮ್ಮ ಅಕ್ಕನ ಮಗಳ ಸಲುವಾಗಿ ನನ್ನನ್ನು ಬೇಕಂತಲೇ ಸೋಲಿಸಿದರು" ಎಂದು ನೀನು ಪ್ರಿನ್ಸಿಪಾಲರ ಮುಂದೆ ಅತ್ತು ಹೇಳಿದ್ದೀಯ. ಆ ಮಾತು ನಿಂತರೆ ತಾಲೀಮಿನ, ಅಂದರೆ ನಮ್ಮ ಗರಡಿಮನೆಯ, ಕೀಲಿಕೈ ಸರ್ ಕೈಯಿಂದ ಹೋಗುತ್ತದೆ. ಸೇವೆ ಮುಗಿಯಲು ಇನ್ನೂ ಏಳೆಂಟು ವರ್ಷ ಇದೆ. ಅಷ್ಟೂ ವರ್ಷ ಅವರು ಕೇರಂ ಬೋರ್ಡಿಗೆ ಪೌಡರ್ ಹಾಕುತ್ತಾ ಕೂರಬೇಕಾಗುತ್ತದೆ. ಬುಧವಾರ ಬಾಗಿಲು ಮುಚ್ಚುವುದು ಗೊತ್ತಿದ್ದೂ ಶನಿವಾರ ಹಗ್ಗ ಯಾಕೆ ತಂದರು? ಕೇಳಿದೆ. "ಹಳೇದ್ ಸವದೈತ್ರಿ ಕಾಕಾ, ಹುಡುಗೂರು ಏರುವಾಗ ಕೈ ತರಚತೈತಿ" ಎಂದರು. ಇದು ಉತ್ತರವೋ ಅಲ್ಲವೋ ನನಗೆ ತಿಳಿಯುತ್ತಿಲ್ಲ. ಈಚೆಗೆ ಯಾವುದೂ ತಿಳಿಯುತ್ತಿಲ್ಲ.

ನೀನು ಕಂಡ ವೃಷಭ ಸರ್ ಬೇರೆ, ನಾನು ಕಂಡ ವೃಷಭ ಬೇರೆ. ಹೆಸರು ಹೋರಿಯದು, ನಡಿಗೆ ಆಕಳದು. ಜುಗೂಳದ ಒಕ್ಕಲು ಮನೆಯ ಹುಡುಗ. ಹರೆಯದಲ್ಲಿ ಕುಸ್ತಿ ಆಡಿದ. ಆಡಿದ ಎನ್ನುವುದಕ್ಕಿಂತ ಬಿದ್ದ. ಕೃಷ್ಣಾ ದಂಡೆಯ ಯಾವ ಊರಿನ ಮಣ್ಣು ಬೆನ್ನಿಗೆ ಹೇಗೆ ಹತ್ತುತ್ತದೆ ಎಂದು ಅವನನ್ನೇ ಕೇಳಬೇಕು. ಹಾಗೆ ಬಿದ್ದೂ ಬಿದ್ದೂ ಒಂದು ವಿದ್ಯೆ ಕಲಿತ: ಮನುಷ್ಯ ಬೀಳುವುದಕ್ಕೆ ಸ್ವಲ್ಪ ಮುಂಚೆ ಅವನ ಯಾವ ಕಾಲು ಸುಳ್ಳು ಹೇಳುತ್ತದೆ ಎಂಬುದನ್ನು. ಗೆದ್ದು ಗೆದ್ದು ಬೆಳೆದ ಪೈಲ್ವಾನರಿಗೆ ಅದು ಕಾಣುವುದಿಲ್ಲ, ಅವರು ಮೇಲೆ ಇರುತ್ತಾರಲ್ಲ.

ನಮ್ಮ ಕಾಲೇಜಿಗೆ ಬಂದಾಗ ಇದ್ದದ್ದು ಒಂದು ಹರಿದ ವಾಲಿಬಾಲ್ ನೆಟ್ಟು. ಕೆಂಪು ಮಣ್ಣು ತರಿಸಿದ, ಮಜ್ಜಿಗೆ, ಎಣ್ಣೆ, ಅರಿಸಿನ ಕಲಸಿದ, ಸೈಕಲ್ ಸ್ಟ್ಯಾಂಡಿನ ಹಿಂದಿನ ಶೆಡ್ಡಿನಲ್ಲಿ ತಾಲೀಮು ಎಬ್ಬಿಸಿದ. ಮ್ಯಾಟು ಬಂದದ್ದು ಎಷ್ಟೋ ವರ್ಷದ ಮೇಲೆ. ಆಮೇಲೆ ಯೂನಿವರ್ಸಿಟಿ ಪದಕ ಬಂದವು; ಒಬ್ಬ ಪೊಲೀಸ್ ಆದ, ಒಬ್ಬಳು ರೈಲ್ವೆ ಸೇರಿದಳು. ಈಗ ಕಾಗವಾಡದ ಕಾಲೇಜಿನಲ್ಲಿ ಹುಡುಗಿಯರಿಗೆ ಕಲಿಸುವ ಅಮೋಘಸಿದ್ದನೂ ಇವನ ಶಿಷ್ಯನೇ. ಪ್ರಿನ್ಸಿಪಾಲರ ಗೋಡೆಯ ಫೋಟೋಗಳಲ್ಲಿ ವೃಷಭನನ್ನು ಹುಡುಕು; ನೀರಿನ ಕ್ಯಾನಿನ ಹಿಂದೆ ಅರ್ಧ ಕಿವಿ ಕಾಣುತ್ತದೆ.

ಪಂದ್ಯದ ಮೂಲೆಯಲ್ಲಿ ಕೋಚ್ ಮಗ್ಗುಲಿನ ಆ ಎರಡನೇ ಕುರ್ಚಿ ನನಗೆ ಸಿಕ್ಕಿದ್ದು ಹೇಗೆ ಗೊತ್ತೇನು? ತೂಕದ ದಿನ ಉಸಿರು ಬಿಗಿಹಿಡಿದರೆ ಕಾಲು ಕೆಜಿ ಕಡಿಮೆ ತೋರಿಸುತ್ತದೆ ಎಂದು ಹುಡುಗರಲ್ಲಿ ಹಬ್ಬಿಸಿದ್ದೆ. ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ಜನ್ಮವೆಲ್ಲ ತಕ್ಕಡಿ ಹಿಡಿದವನ ಮಾತು, ಯಾರು ನಂಬುವುದಿಲ್ಲ? ಇಡೀ ತಂಡ ಗಲ್ಲ ಉಬ್ಬಿಸಿಕೊಂಡು ಸಾಲಾಗಿ ನಿಂತಿತು. ಒಬ್ಬ ನೀಲಿಗೆ ತಿರುಗಿ ನನ್ನ ಕಾಲ ಮೇಲೆಯೇ ಬಿದ್ದ. ಎಲ್ಲರೂ ನನ್ನನ್ನು ಹೊರಗೆ ಹಾಕಿ ಎಂದರು. ವೃಷಭ ಕುರ್ಚಿ ಎಳೆದು, "ಹೊರಗ ಕುಂತು ಕಿತಾಪತಿ ಮಾಡೂಕಿಂತ ನನ್ನ ಮಗ್ಗಲಕ ಕುಂದರ್ರಿ ಕಾಕಾ, ಕಣ್ಣಾಗರ ಇರತೀರಿ" ಎಂದ. ಅಂದಿನಿಂದ ನಾನು ಟಾವೆಲ್ ಮಂತ್ರಿ. ಖಾತೆ: ನೀರು ಮತ್ತು ಬೆವರು.

ಮೊದಲನೇ ವರ್ಷ ರಾಯಬಾಗದಲ್ಲಿ ನೀನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಚಿತ್ ಆದೆಯಲ್ಲ, ಆ ಸಂಜೆ ನೆನಪಿದೆಯೇ? ನೀನು ಸ್ಟ್ಯಾಂಡಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದೆ. ಸರ್ ಪಟ್ಟಿನ ಬಗ್ಗೆ ಮಾತೇ ಎತ್ತಲಿಲ್ಲ. "ಹಸಿವ್ಯಾಗೈತೇನ ಸರಿತಾ?" ಎಂದಷ್ಟೇ ಕೇಳಿ ಬಾಳೆಹಣ್ಣು ತಂದರು. ನೀನು ತಿಂದೆ, ಅವರು ಸಿಪ್ಪೆ ಹಿಡಿದುಕೊಂಡು ನಿಂತರು. ಅವರ ಹೊಟ್ಟೆಯಲ್ಲೂ ಬೆಳಗಿನಿಂದ ಏನೂ ಇರಲಿಲ್ಲ. ಆದರೆ ಹೊತ್ತು ಮುಳುಗಿತ್ತು. ಆಮೇಲೆ ಅವರು ಬಾಯಿಗೆ ಏನೂ ಹಾಕುವುದಿಲ್ಲ, ನಮ್ಮ ಜೈನರ ಪದ್ಧತಿ. ನಾನೂ ಜೈನನೇ, ಆದರೆ ನನ್ನ ಸೂರ್ಯ ಸ್ವಲ್ಪ ತಡವಾಗಿ ಮುಳುಗುತ್ತಾನೆ. ಸಂಜೆ ತನಕ ಎಳೆದ ಪಂದ್ಯದ ದಿನವೆಲ್ಲ ಆ ಮನುಷ್ಯ ಉಪವಾಸವೇ ಮಲಗಿದ್ದು. ನಿಮಗೆ ಯಾರಿಗೂ ಗೊತ್ತಿಲ್ಲ, ಹೇಳಬೇಡಿ ಎಂದಿದ್ದರು. ಹೇಳಿದೆ.

ಇನ್ನು ಅಥಣಿಯ ಯೂನಿವರ್ಸಿಟಿ ಪಂದ್ಯ. ಇದನ್ನು ನಾನು ಬಿಡಿಸಿ ಬರೆಯುತ್ತೇನೆ. ಯಾಕೆಂದರೆ ನಿನಗಿಂತ ಮುಂಚೆ ನಿಮ್ಮವ್ವ ಈ ಕಾಗದ ಓದುತ್ತಾಳೆ, ನನಗೆ ಗೊತ್ತು. ನಮಸ್ಕಾರ ಸಕ್ಕುಬಾಯಿ.

ಮ್ಯಾಟಿನ ಕುಸ್ತಿಯಲ್ಲಿ ರೆಫರಿಗೆ ಕಾಣದ ಅಂಕ ಒಂದಿದೆ ಎನಿಸಿದರೆ ಕೋಚ್ ಮೂಲೆಯಿಂದ ಒಂದು ಸ್ಪಂಜಿನ ತುಂಡು ಒಳಗೆ ಎಸೆದು ಚಾಲೆಂಜ್ ಹಾಕಬಹುದು. ಪಂಚರು ವಿಡಿಯೋ ನೋಡುತ್ತಾರೆ. ನಾವು ಹೇಳಿದ್ದು ನಿಜವಾದರೆ ಅಂಕ ನಮಗೆ, ಸುಳ್ಳಾದರೆ ಎದುರಿನವರಿಗೆ ಒಂದು ಅಂಕ. ಫೈನಲ್ಲಿನಲ್ಲಿ ಎದುರಿಗಿದ್ದವಳು ಬ್ರಾಹ್ಮಿ, ಕಾಗವಾಡದ ಕಾಲೇಜಿನವಳು, ಜುಗೂಳದಲ್ಲಿರುವ ಸರ್ ಅಕ್ಕನ ಮಗಳು. ನಾಲ್ಕಕ್ಕೆ ಮೂರು, ಸರಿತಾ ಮುಂದೆ. ಉಳಿದದ್ದು ಕೆಲವೇ ಸೆಕೆಂಡು. ಅಂಚಿನಲ್ಲಿ ನಮ್ಮ ಹುಡುಗಿ ಬ್ರಾಹ್ಮಿಯನ್ನು ನೂಕಿದಳು. ಬ್ರಾಹ್ಮಿಯ ಕಾಲು ಗೆರೆ ದಾಟಿತೋ, ದಾಟಲಿಲ್ಲವೋ. ರೆಫರಿ ಅಂಕ ಕೊಡಲಿಲ್ಲ, ಸೀಟಿ ಊದಿ ಇಬ್ಬರನ್ನೂ ನಡುವಿಗೆ ಕರೆದ. ಆಗ ನಮ್ಮ ಕೆಂಪು ಮೂಲೆಯಿಂದ ಸ್ಪಂಜು ಹೋಗಿ ಬಿತ್ತು.

ಗೆಲ್ಲುತ್ತಿರುವವರು ಯಾರಾದರೂ ಚಾಲೆಂಜ್ ಹಾಕುತ್ತಾರೆಯೇ? ಗ್ಯಾಲರಿಯಲ್ಲಿ ಒಬ್ಬ, "ಕಾಯ್ ರಾವ್, ಸರ್‌ಗ ಬುದ್ಧಿ ಕೆಟ್ಟೈತೇನ!" ಎಂದು ಮರಾಠಿ ಬೆರೆಸಿ ಕೂಗಿದ.

ಇನ್ನೊಂದು ನಿಯಮ ಇದೆ ಸಕ್ಕುಬಾಯಿ. ಚಾಲೆಂಜ್ ಬೇಡ ಎನಿಸಿದರೆ ಕುಸ್ತಿ ಆಡುವವಳು ಆ ಸ್ಪಂಜನ್ನು ಎತ್ತಿ ಮೂಲೆಗೆ ವಾಪಸ್ ಕೊಡಬಹುದು, ಆಟ ಮುಂದುವರಿಯುತ್ತದೆ. ನಿನ್ನ ಮಗಳು ಬಗ್ಗಿದಳು. ಎತ್ತಿದಳು. ತಿರುಗಿ ಸರ್ ಮುಖ ನೋಡಿದಳು. ಆಮೇಲೆ ವಾಪಸ್ ಕೊಡಲಿಲ್ಲ, ಒಯ್ದು ರೆಫರಿಯ ಕೈಗೇ ಕೊಟ್ಟಳು. ನಮ್ಮ ಮೂಲೆಯಿಂದ ಬಂದದ್ದು ತಪ್ಪಾಗಿರಲಿಕ್ಕಿಲ್ಲ ಎಂದು.

ಪಂಚರು ಕಾಲು ಒಳಗೇ ಇತ್ತು ಎಂದರು. ಬ್ರಾಹ್ಮಿಗೆ ಒಂದು ಅಂಕ, ನಾಲ್ಕು ನಾಲ್ಕು. ಉಳಿದ ಸೆಕೆಂಡುಗಳಲ್ಲಿ ಯಾರಿಗೂ ಅಂಕ ಸಿಗಲಿಲ್ಲ. ಬೇರೆ ಲೆಕ್ಕವೆಲ್ಲ ಸಮವಿದ್ದರೆ ಕೊನೆಯ ಅಂಕ ಯಾರದೋ ಅವರೇ ಗೆದ್ದಂತೆ. ಅಖಿಲ ಭಾರತ ಪಂದ್ಯಕ್ಕೆ ಬ್ರಾಹ್ಮಿ ಹೋಗುತ್ತಾಳೆ. ಪದ್ಧತಿಯಂತೆ ಆಕೆ ಎದುರಾಳಿಯ ಕೋಚ್ ಕೈ ಕುಲುಕಲು ಬಂದಳು. ಸರ್ ಕೈ ಕೊಟ್ಟು, "ಚೊಲೋ ಆಡಿದಿ" ಎಂದರು. ಅದನ್ನೇ ಜನ ಫೋನಿನಲ್ಲಿ ಹಿಡಿದರು. "ನೋಡ್ರಿ, ಸೋದರಮಾವಾ ಹೆಂಗ ನಗಾಕತ್ತಾನ!" ಎಂದು ಚಿಕ್ಕೋಡಿಯ ಚಹಾದಂಗಡಿಯ ತನಕ ಸುದ್ದಿ ಬಂತು. ನಾನು ಮಗ್ಗುಲಲ್ಲೇ ಇದ್ದೆ. ಅದು ನಗೆಯಲ್ಲ. ಸರಿತಾ, ನೀನು ಮಾತ್ರ ನಮ್ಮ ಮೂಲೆಯ ಮುಂದೆಯೇ ಹಾದು, ನಿಲ್ಲದೆ ಹೋದೆ. ಟಾವೆಲ್ ನನ್ನ ಕೈಯಲ್ಲೇ ಉಳಿಯಿತು.

ಪ್ರಿನ್ಸಿಪಾಲರು ಕರೆದು ಕೇಳಿದರು, ಯಾಕೆ ಹೀಗಾಯಿತು ಎಂದು. ಸರ್ ಅಂದದ್ದು ಇಷ್ಟೇ: "ಸ್ಪಂಜ್ ನಮ್ಮ ಮೂಲಿಯಿಂದನ ಹೋಗೇತ್ರಿ. ಆ ಮೂಲಿ ನಂದ. ಜವಾಬ್ದಾರಿ ನಂದ." ಆಚೆ ಬಂದ ಮೇಲೆ ನಾನು ಜಗಳ ತೆಗೆದೆ. "ಹುಡುಗಿ ಏನ್ ತಿಳಕೊಂಡಾಳ ಗೊತ್ತೈತೇನ ನಿನಗ?" ಎಂದೆ. "ಸಿಟ್ಟ ಬರ್ಲಿ ಬಿಡ್ರಿ ಕಾಕಾ. ಸಿಟ್ಟಿಲೇ ಆದ್ರೂ ಆಕಿ ಕುಸ್ತಿ ಬಿಡಬಾರದು, ಅಷ್ಟ" ಎಂದರು. ಆದರೆ ನೀನು ಬಿಟ್ಟೇ ಬಿಟ್ಟೆ. ಈಗ ಸರ್ ಬೆಳಿಗ್ಗೆ ತಾಲೀಮಿನಲ್ಲಿ ಎಲ್ಲರಿಗಿಂತ ಮುಂಚೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ನೀನು ಬರುತ್ತಿದ್ದ ನಿಪ್ಪಾಣಿ ಬಸ್ಸಿನ ಹಾರ್ನ್ ಕೇಳುವ ತನಕ.

ವಿಡಿಯೋವನ್ನು ಹುಡುಗರ ಫೋನಿನಲ್ಲಿ ನೋಡಿ ನೋಡಿ ನನ್ನ ಕಣ್ಣು ಸೋತವು. ಕನ್ನಡಕ ಹಾಕಿದರೆ ಬ್ರಾಹ್ಮಿಯ ಕಾಲು ಒಳಗೆ, ತೆಗೆದರೆ ಹೊರಗೆ. ಒಮ್ಮೆ ಪಂಚರು ಸರಿ, ಒಮ್ಮೆ ನಾನು ಸರಿ. ಮಲಗಿದರೂ ಅದೇ ಕಾಲು, ಎದ್ದರೂ ಅದೇ ಗೆರೆ.

ಬುಧವಾರ ಬಾ ಸರಿತಾ. ಹನ್ನೊಂದಕ್ಕೆ. ಪಟ್ಟು ಹಿಡಿಯುವುದನ್ನು ಕಲಿಸಿದವರು ಪಟ್ಟು ಬಿಡಿಸಿಕೊಳ್ಳುವುದನ್ನೂ ಕಲಿಸಿದ್ದಾರೆ; ನೀನು ಮೊದಲನೆಯದನ್ನು ಮಾತ್ರ ಮನೆಗೆ ಒಯ್ದಿದ್ದೀಯ. ನನ್ನ ಮಾತು ಕೇಳಿ ಬರಬೇಡ. ಮೊದಲನೇ ಸಾಲಿಗೆ ನಿನ್ನ ಎದೆ ಏನೆಂದಿತೋ ಅದನ್ನು ಕೇಳಿ ಬಾ.

ಇಂತಿ ನಿನ್ನ,
ಖಾತೆ ಕಳೆದುಕೊಂಡ ಮಂತ್ರಿ,
ಭಾವುಸಾಹೇಬ

ತಾ.ಕ.: ಕಾಗದ ಮಡಚಿ, ಅಂಟು ಹಚ್ಚಿ, ಮತ್ತೆ ಬಿಚ್ಚಿದ್ದೇನೆ. ಮೇಲೆ "ಸ್ಪಂಜು ಹೋಗಿ ಬಿತ್ತು" ಎಂದು ಬರೆದೆ. ಸ್ಪಂಜಿಗೆ ಕಾಲಿಲ್ಲ. ಸರ್ ಏನೆಂದರು ಎಂಬುದನ್ನು ಇನ್ನೊಮ್ಮೆ ಓದು: ಮೂಲೆ ನನ್ನದು ಎಂದರು, ಜವಾಬ್ದಾರಿ ನನ್ನದು ಎಂದರು. ನಾನು ಎಸೆದೆ ಎಂದು ಎಲ್ಲಿಯೂ ಅನ್ನಲಿಲ್ಲ, ಆ ಮನುಷ್ಯನಿಗೆ ಸುಳ್ಳು ಬರುವುದಿಲ್ಲ. ಅಂದು ಅವರ ಬಾಯಲ್ಲಿ ಬಂದದ್ದು "ಬ್ಯಾಡ್ರಿ ಕಾಕಾ, ನಾವ ಮುಂದ ಅದೀವಿ" ಎಂಬ ಮಾತು. ಅದು ಮುಗಿಯುವುದರೊಳಗೆ ಸ್ಪಂಜು ಗಾಳಿಯಲ್ಲಿತ್ತು. ನೀನು ಎತ್ತಿ ಮುಖ ನೋಡಿದಾಗ ಅವರು ಯಾಕೆ ಬೇಡ ಎಂದು ಗೋಣು ಅಲ್ಲಾಡಿಸಲಿಲ್ಲ? ಕೇಳಿದರೆ, "ನನಗೂ ಆ ಹೊತ್ತಿನ್ಯಾಗ ಕಾಲ ಹೊರಗ ಇತ್ತು ಅನಸ್ತು" ಎಂದರು. ಮರುದಿನ ಕೇಳಿದರೆ, "ಒಳಗ ಇತ್ತು ಬಿಡ್ರಿ" ಎಂದರು. ನನ್ನನ್ನು ಉಳಿಸಲು ಹೇಳಿದ್ದು ಯಾವುದು, ಬೈಯಲು ಹೇಳಿದ್ದು ಯಾವುದು, ಇಂದಿಗೂ ಗೊತ್ತಾಗಿಲ್ಲ.

ಪ್ರಿನ್ಸಿಪಾಲರಿಗೆ ನಿಜ ಹೇಳಿದೆ. ಹೊಟ್ಟೆ ಹಿಡಿದು ನಕ್ಕು, "ಕಾಕಾ, ಇದು ಮಾತ್ರ ಭಾರಿ ಐತಿ" ಎಂದು ಚಹಾ ತರಿಸಿದರು. ನೀನೂ ನಂಬಲಿಕ್ಕಿಲ್ಲ, ಕಾಗದ ಸುಳ್ಳಿನಿಂದ ಶುರು ಮಾಡಿದ ಹುಚ್ಚ ನಾನೇ ಅಲ್ಲವೇ. ಹಾಗಾದರೆ ಬ್ರಾಹ್ಮಿಗೆ ಫೋನ್ ಮಾಡು. ಆಕೆ ನಮ್ಮ ಮೂಲೆಗೆ ಮುಖ ಮಾಡಿ ನಿಂತಿದ್ದಳು. ಕಂಡದ್ದನ್ನು ಹೇಳಲು ಹೊರಟಾಗ ಬೇಡ ಎಂದು ತಡೆದವರು ಆಕೆಯ ಮಾವನೇ.

ನಗಿಸಲು ಮಾಡಲಿಲ್ಲ ಸರಿತಾ. ನೀನು ದುಡಿದ ಅಂಕ ಯಾರೂ ಕೊಡಲಿಲ್ಲ ಎಂದು ಹೊಟ್ಟೆ ಉರಿಯಿತು. ಈ ಜನ್ಮದಲ್ಲಿ ಚಾಷ್ಟಿ, ತಮಾಷೆ ಬಿಟ್ಟು ನಾನು ಮಾಡಿದ್ದು ಅದೊಂದೇ, ಸ್ಪಂಜು ಎಸೆದದ್ದು.